ತಪ್ಪಿನಿಂದ ಸರಿ ಉತ್ತರಕ್ಕೆ: ಗಣಿತಜ್ಞ ಭಾಸ್ಕರಾಚಾರ್ಯ

ಗಣಿತವೆಂದರೆ ನಮ್ಮಲ್ಲಿ ಅನೇಕ ಮಕ್ಕಳಿಗೆ ಭಯ. ಉತ್ತರ ತಪ್ಪಾದೀತೆಂದು ಅಂಜಿ ಕೆಲವರು ಲೆಕ್ಕವನ್ನೇ ಆರಂಭಿಸುವುದಿಲ್ಲ. ಆದರೆ ತಪ್ಪು ಉತ್ತರವನ್ನೇ ಮೆಟ್ಟಿಲು ಮಾಡಿಕೊಂಡು ಸರಿ ಉತ್ತರ ತಲುಪುವ ದಾರಿಯನ್ನು ಎಂಟುನೂರು ವರ್ಷಗಳಿಗೂ ಹಿಂದೆ ಕಲಿಸಿದ ಮಹನೀಯರು ಭಾಸ್ಕರಾಚಾರ್ಯರು.

ಅವರು ಜನಿಸಿದ್ದು ಕ್ರಿ.ಶ. 1114ರಲ್ಲಿ. ನಮ್ಮ ಹಿರೇಕೆರೂರು ತಾಲೂಕಿನ ಅಬಲೂರು ಏಕಾಂತದ ರಾಮಯ್ಯನವರಿಂದ ಹೆಸರಾದದ್ದೂ ಅದೇ ಶತಮಾನದಲ್ಲಿ. ಸಹ್ಯಾದ್ರಿ ಸೀಮೆಯ ವಿಜ್ಜಡವಿಡ ತಮ್ಮ ಊರೆಂದು ಭಾಸ್ಕರರು ಬರೆದಿದ್ದಾರೆ. ಅದು ನಮ್ಮ ವಿಜಯಪುರವೆಂದು ಕೆಲವರು, ಖಾನದೇಶದ ಪಾಟಣದ ಹತ್ತಿರದ ಊರೆಂದು ಇನ್ನು ಕೆಲವರು ಹೇಳುತ್ತಾರೆ. ತಂದೆ ಮಹೇಶ್ವರರೇ ಅವರ ಗುರು. 1150ರಲ್ಲಿ, 36ನೆಯ ವಯಸ್ಸಿನಲ್ಲಿ ಅವರು ‘ಸಿದ್ಧಾಂತ ಶಿರೋಮಣಿ’ಯನ್ನು ರಚಿಸಿದರು. ‘ಲೀಲಾವತಿ’ ಮತ್ತು ‘ಬೀಜಗಣಿತ’ ಅದರ ಭಾಗಗಳು. ಬಡ್ಡಿ, ವ್ಯಾಪಾರ, ಬಂಗಾರದ ಬೆರಕೆ, ಧಾನ್ಯದ ರಾಶಿ ಹೀಗೆ ದಿನಬಳಕೆಯ ಲೆಕ್ಕಗಳೆಲ್ಲ ‘ಲೀಲಾವತಿ’ಯಲ್ಲಿವೆ.

ಅದರಲ್ಲಿ ಬರುವ ಒಂದು ಹಳೆಯ ಕ್ರಮ ‘ಇಷ್ಟಕರ್ಮ’. ಇಷ್ಟಬಂದ ಸಂಖ್ಯೆಯನ್ನು ಉತ್ತರವೆಂದು ಹಿಡಿದು, ಆಮೇಲೆ ತಿದ್ದಿಕೊಳ್ಳುವುದು. ರೈತನೊಬ್ಬ ತನ್ನ ಹಣದ ಅರ್ಧವನ್ನು ಗೋವಿನಜೋಳದ ಬೀಜಕ್ಕೆ, ಕಾಲು ಭಾಗವನ್ನು ಗೊಬ್ಬರಕ್ಕೆ, ಎಂಟನೆಯ ಒಂದು ಭಾಗವನ್ನು ಕೂಲಿಗೆ ಕೊಟ್ಟನೆನ್ನೋಣ. 500 ರೂಪಾಯಿ ಉಳಿಯಿತು. ಮೊದಲಿದ್ದ ಹಣವೆಷ್ಟು? 8 ಎಂದು ಹಿಡಿಯಿರಿ. 4, 2, 1 ಹೋಗಿ 1 ಉಳಿಯುತ್ತದೆ. ಉಳಿಯಬೇಕಾದದ್ದು ಅದರ 500 ಪಟ್ಟು. ಆದ್ದರಿಂದ 8ರ 500 ಪಟ್ಟು, ಅಂದರೆ 4,000 ರೂಪಾಯಿ ಸರಿ ಉತ್ತರ.

‘ಬೀಜಗಣಿತ’ದ ‘ಚಕ್ರವಾಲ’ ಕ್ರಮ ಇನ್ನೂ ಸೂಕ್ಷ್ಮವಾದದ್ದು. ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಪುನಃ ವರ್ಗಸಂಖ್ಯೆಯೇ ಬರಬೇಕು. ಆ ಸಂಖ್ಯೆ ಯಾವುದು? 1 ಎಂದು ಹಿಡಿದರೆ 61ಕ್ಕೆ 3 ಕೂಡಿಸಬೇಕಾಗುತ್ತದೆ. ಆಗ 8ರ ವರ್ಗವಾದ 64 ಬರುತ್ತದೆ. ಈ 3ನ್ನೇ ಬಳಸಿಕೊಂಡು ಸುತ್ತುಸುತ್ತಿಗೂ ಸಂಖ್ಯೆಗಳನ್ನು ತಿದ್ದುತ್ತ ಹೋದರೆ ಕೊನೆಗೆ ಕೂಡಿಸಬೇಕಾದದ್ದು ಸರಿಯಾಗಿ 1 ಆಗುತ್ತದೆ. ಅತಿ ಚಿಕ್ಕ ಉತ್ತರ 22,61,53,980! ಫ್ರಾನ್ಸಿನ ಫರ್ಮಾ 1657ರಲ್ಲಿ ಯುರೋಪಿನ ಗಣಿತಜ್ಞರ ಮುಂದೆ ಸವಾಲಾಗಿ ಇಟ್ಟದ್ದೂ ಇದೇ 61ರ ಲೆಕ್ಕವನ್ನು.

ಬಸ್ಸುಗಳ ಮಾರ್ಗ, ಪರೀಕ್ಷೆಗಳ ವೇಳಾಪಟ್ಟಿಯಂಥ ತೊಡಕಿನ ಕೆಲಸಗಳಲ್ಲಿ ಇಂದು ಕಂಪ್ಯೂಟರುಗಳೂ ಅಂದಾಜಿನಿಂದ ಹೊರಟು ತಿದ್ದುತ್ತ ಸಾಗುವುದುಂಟು. ಅಂಥ ಮಾರ್ಗಗಳೆಲ್ಲ ಅತ್ಯುತ್ತಮ ಉತ್ತರವನ್ನೇ ಕೊಡುತ್ತವೆಂಬ ಖಾತ್ರಿಯಿಲ್ಲ. ಚಕ್ರವಾಲಕ್ಕೆ ಆ ಖಾತ್ರಿಯುಂಟು. ಅದನ್ನು ಸಾಧಿಸಿ ತೋರಿಸಿದವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಗಣಿತ ಕಲಿಸಿದ ಎ.ಎ. ಕೃಷ್ಣಸ್ವಾಮಿ ಅಯ್ಯಂಗಾರ್, ಕವಿ ಎ.ಕೆ. ರಾಮಾನುಜನ್ ಅವರ ತಂದೆ.

ಭಾಸ್ಕರರು 69ನೆಯ ವಯಸ್ಸಿನಲ್ಲೂ ‘ಕರಣಕುತೂಹಲ’ ಎಂಬ ಖಗೋಳ ಗ್ರಂಥ ಬರೆದರು. ಅವರ ವಿದ್ಯೆ ಒಂದೇ ಭಾಷೆಯಲ್ಲಿ ಉಳಿಯಲಿಲ್ಲ. ಅಕ್ಬರ್ ಬಾದಶಹರ ಆಸ್ಥಾನ ಕವಿ ಫೈಜಿ 1587ರಲ್ಲಿ ‘ಲೀಲಾವತಿ’ಯನ್ನು, ಶಾಹಜಹಾನರ ಕಾಲದಲ್ಲಿ ಅತಾಉಲ್ಲಾ ರಶೀದಿ ‘ಬೀಜಗಣಿತ’ವನ್ನು ಫಾರಸಿಗೆ ತಂದರು. ಅದಕ್ಕೂ ಮುಂಚೆ, 1207ರ ಹೊತ್ತಿಗೆ, ಮೊಮ್ಮಗ ಚಂಗದೇವ ಅಜ್ಜನ ಗ್ರಂಥಗಳನ್ನು ಕಲಿಸಲೆಂದೇ ಪಾಟಣದಲ್ಲಿ ಮಠವನ್ನು ಸ್ಥಾಪಿಸಿದ್ದ. ಅಲ್ಲಿನ ಶಾಸನವೇ ಇದಕ್ಕೆ ಸಾಕ್ಷಿ.

ವಿದ್ಯಾರ್ಥಿಗಳೇ, ಮುಂದಿನ ಸಲ ಲೆಕ್ಕ ತಪ್ಪಿದರೆ ಹಾಳೆ ಹರಿಯಬೇಡಿ. ಎಷ್ಟು ತಪ್ಪಿದೆ ಎಂದು ನೋಡಿ, ಅಲ್ಲಿಂದಲೇ ಮುಂದುವರಿಯಿರಿ.