ಹೆರ್ಮನ್ ಆನಂದರಾವ್ ಕೌಂಡಿನ್ಯರ ಚರಿತ್ರೆ

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಈ ಸೀಮೆಯ ಹಳ್ಳಿಗಳಲ್ಲಿ ಕ್ರೈಸ್ತರ ಮನೆಗಳು ಒಂದು ಊರಲ್ಲಿ ಎರಡು, ಇನ್ನೊಂದು ಊರಲ್ಲಿ ಐದು, ಹೀಗೆ ಚದರಿಕೊಂಡಿರುವವು. ನಿಪ್ಪಾಣಿಯ ಪೇಟೆಯಲ್ಲಿ ಬೀಡಿ ಕಟ್ಟಿ ಹೊಟ್ಟೆ ಹೊರೆಯುವ ಸಹೋದರಿಯರೂ ಕೃಷ್ಣೆಯ ದಂಡೆಯಲ್ಲಿ ಕಬ್ಬು ಕಡಿಯುವ ಸಹೋದರರೂ ಒಂದೇ ಮನೆಯಲ್ಲಿ ಕೂಡಿ ಪ್ರಾರ್ಥಿಸುವದು ಅಪರೂಪವೇ ಸರಿ. 2019ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಹೊಳೆಯ ನೀರು ಹೊಲಮನೆಗಳನ್ನು ಮುಚ್ಚಿದಾಗ ಯಾರು ಯಾರ ಬಾಗಿಲಿಗೆ ರೊಟ್ಟಿ ತಂದರೆಂಬದನ್ನು ನಮ್ಮ ವಾಚಕರು ಮರೆತಿರಲಾರರು. ಒಬ್ಬಂಟಿಗನಾದ ವಿಶ್ವಾಸಿಯನ್ನು ಕರ್ತನು ಸಹೋದರರ ಕೈಯಿಂದ ಹೇಗೆ ಎತ್ತಿ ಹಿಡಿಯುತ್ತಾನೆಂಬದಕ್ಕೆ ಕೌಂಡಿನ್ಯರ ಚರಿತ್ರೆಯು ಒಳ್ಳೇ ಸಾಕ್ಷಿಯಾಗಿರುವದರಿಂದ ಅದನ್ನು ಇಲ್ಲಿ ಬರೆಯುತ್ತೇವೆ.

ಅವರು ನಮ್ಮ ಜಿಲ್ಲೆಯವರಲ್ಲ. ಅವರನ್ನು ಬೆಳೆಸಿದ ಮಿಷನ್ ಸಹ ನಮ್ಮದಲ್ಲ. ನಮ್ಮ ಬೆಳಗಾವಿಗೆ 1820ರಲ್ಲಿ ಲಂಡನ್ ಮಿಷನಿನ ಟೇಲರ್ ಪಾದ್ರಿಗಳು ಬಂದರು. 1904ರಲ್ಲಿ ಆ ಕೆಲಸವು ಮೆಥೊಡಿಸ್ಟ್ ಸಭೆಯ ಕೈಗೆ ಬಂದಿತು. ಬಾಸೆಲ್ ಮಿಷನಿನವರಾದರೋ 1834ರಲ್ಲಿ ಮಂಗಳೂರಿಗೆ ಇಳಿದರು. ಆದರೆ ಪೌಲನ ಪತ್ರಿಕೆಗಳನ್ನು ಓದುವವರು ಕೊರಿಂಥದವರು ನಮ್ಮವರಲ್ಲವೆಂದು ಪುಸ್ತಕ ಮುಚ್ಚುವದಿಲ್ಲವಷ್ಟೆ.

ಆನಂದರಾಯನು 1825ರಲ್ಲಿ ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದನು. ಮಂಗಳೂರಿನಲ್ಲಿ ಮಿಷನಿನವರು ತೆರೆದ ಇಂಗ್ಲಿಷ್ ಶಾಲೆಗೆ ಅನೇಕ ಬ್ರಾಹ್ಮಣ ಹುಡುಗರು ಬರುತ್ತಿದ್ದರು. ಸರಕಾರಿ ಉದ್ಯೋಗ ದೊರಕಲಿ ಎಂಬದೇ ಹೆತ್ತವರ ಆಶೆ. ಆ ದಿನಗಳಲ್ಲಿ ಮಂಗಳೂರಿನಲ್ಲಿದ್ದ ಹೆರ್ಮನ್ ಮೋಗ್ಲಿಂಗ್ ಪಾದ್ರಿಗಳು 1836ರಲ್ಲಿ ಈ ದೇಶಕ್ಕೆ ಬಂದವರು. ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದವರು ಅವರೇ. ಅವರು ಬಲ್ಮಠದ ಗುಡ್ಡದ ಮೇಲೆ ತಮ್ಮ ಶಿಷ್ಯರ ನಡುವೆ ವಾಸಿಸುತ್ತಿದ್ದರು. ಪುಸ್ತಕದ ಪಾಠಕ್ಕಿಂತಲೂ ಈ ಸಹವಾಸವು ಹೆಚ್ಚಿನ ಕೆಲಸ ಮಾಡಿತೆಂದು ನಮ್ಮ ಅಭಿಪ್ರಾಯ.

1844ನೆಯ ಇಸವಿ ಜನವರಿ 6ನೆಯ ತಾರೀಖಿನಲ್ಲಿ ಆನಂದರಾಯನು ದೀಕ್ಷಾಸ್ನಾನ ಹೊಂದಿದನು. ಅವನು ಒಬ್ಬನೇ ಅಲ್ಲ. ಅವನ ಸಂಗಡ ಮುಕುಂದರಾಯ, ಭಗವಂತರಾಯರೆಂಬ ಇನ್ನಿಬ್ಬರು ಯೌವನಸ್ಥರೂ ಸ್ನಾನ ಹೊಂದಿದರು. ಇದನ್ನು ನಾವು ಸಣ್ಣ ಮಾತೆಂದು ಎಣಿಸುವದಿಲ್ಲ. ಊರೆಲ್ಲಾ ಕದಡಿ ಹೋಗಿ, ಶಾಲೆಯಿಂದ ಮಕ್ಕಳನ್ನು ಬಿಡಿಸಿಕೊಂಡು ಹೋಗುವ ಭೀತಿ ಹುಟ್ಟಿದಾಗ, ಮೂವರು ಒಬ್ಬರ ಮುಖವನ್ನೊಬ್ಬರು ನೋಡಿ ನಿಂತರು. ಆನಂದರಾಯನು ಮೋಗ್ಲಿಂಗ್ ಪಾದ್ರಿಗಳ ಹೆಸರನ್ನೇ ತನ್ನ ಹೆಸರಿಗೆ ಕೂಡಿಸಿಕೊಂಡು ಹೆರ್ಮನ್ ಆನಂದರಾವ್ ಎನಿಸಿಕೊಂಡನು. ತಂದೆಯ ಮನೆಯ ಬಾಗಿಲು ಮುಚ್ಚಿದವನಿಗೆ ಇನ್ನೊಬ್ಬ ತಂದೆಯ ಹೆಸರು ದೊರಕಿತು.

ಅವನಿಗೆ ಆಗಲೇ ಮದುವೆಯಾಗಿತ್ತು. ಹೆಂಡತಿ ಲಕ್ಷ್ಮಿಯು ತನ್ನ ಕುಲದವರ ಬಳಿಯಲ್ಲಿಯೇ ಉಳಿದಳು. ವರುಷಗಳು ಕಳೆದರೂ ಗಂಡನ ಸಂಗಡ ಸೇರಲಿಲ್ಲ. ಗಂಡನಿದ್ದೂ ಇಲ್ಲದವಳಂತೆ ಬಾಳಬೇಕಾದ ಆ ಹೆಣ್ಣುಮಗಳ ದುಃಖವನ್ನು ಕ್ರೈಸ್ತರ ಪುಸ್ತಕಗಳಲ್ಲಿ ಹೆಚ್ಚಾಗಿ ಯಾರೂ ಬರೆದಿಲ್ಲ. ಶಿಲುಬೆಯ ಭಾರವು ಹೊತ್ತವನ ಮೇಲೆ ಮಾತ್ರ ಬೀಳುವದಿಲ್ಲ. ಮನೆಯವರ ಮೇಲೆಯೂ ಬೀಳುತ್ತದೆ. ನಮ್ಮ ಸಭೆಗಳಲ್ಲಿ ಇಂಥ ಮನೆಗಳಿದ್ದರೆ ಅವುಗಳ ವಿಷಯವಾಗಿ ಕಟುವಾಗಿ ಮಾತಾಡಬಾರದು.

ಸ್ನಾನವಾದ ಬಳಿಕ ಆನಂದರಾಯನು ಮೋಗ್ಲಿಂಗರ ಸಂಗಡ ಹಡಗು ಹತ್ತಿ ಯೂರೋಪಿಗೆ ಹೋಗಿ, 1846ರಲ್ಲಿ ಬಾಸೆಲ್ ಪಟ್ಟಣದ ಮಿಷನ್ ಸೆಮಿನರಿಯನ್ನು ಸೇರಿದನು. ಭಾಷೆ, ಊಟ, ಉಡಿಗೆ, ಹಿಮ, ಎಲ್ಲವೂ ಹೊಸದು. ಐದು ವರುಷ ಅಲ್ಲಿ ವಿದ್ಯಾಭ್ಯಾಸ ಮಾಡಿ, 1851ರಲ್ಲಿ ಹಸ್ತನಿಕ್ಷೇಪ ಹೊಂದಿ, ಕೌಂಡಿನ್ಯ ಪಾದ್ರಿಗಳಾಗಿ ಸ್ವದೇಶಕ್ಕೆ ಹಿಂದಿರುಗಿದರು. ಮಂಗಳೂರಿನ ಸೆಮಿನರಿಯಲ್ಲಿ ಅವರು ಕಲಿಸಿದ ಉಪದೇಶಿಗಳು ಕನ್ನಡ ಸೀಮೆಯ ಸಭೆಗಳಿಗೆ ಹೋದರು. 1860ರ ಸುಮಾರಿಗೆ ಜರ್ಮನಿಯಿಂದ ಮರೀ ರೈನ್‌ಹಾರ್ಟ್ ಎಂಬ ಕನ್ಯೆಯು ಹಿಂದೆಂದೂ ನೋಡದಿದ್ದ ಈ ಪಾದ್ರಿಗಳನ್ನು ಮದುವೆಯಾಗಲಿಕ್ಕೆ ಸಮುದ್ರ ದಾಟಿ ಬಂದಳು. ಆ ಕಾಲದಲ್ಲಿ ಬಿಳಿಯರ ಮನೆಯ ಹೆಣ್ಣು ಈ ದೇಶದವನ ಕೈಹಿಡಿಯುವದು ಎರಡೂ ಕಡೆಯವರಿಗೆ ಆಶ್ಚರ್ಯದ ಸಂಗತಿಯಾಗಿತ್ತು.

ಇನ್ನು ನಮ್ಮ ವಾಚಕರು ವಿಶೇಷವಾಗಿ ಕೇಳಬೇಕಾದ ಸಂಗತಿಗೆ ಬರುತ್ತೇವೆ. 1853ರಲ್ಲಿ ಮೋಗ್ಲಿಂಗ್ ಪಾದ್ರಿಗಳು ಕೊಡಗಿಗೆ ಹೋದರು. ಅಲ್ಲಿಯ ಹೊಲೆಯರು ತಲೆತಲಾಂತರದಿಂದ ಒಡೆಯರ ಭೂಮಿಗೆ ಕಟ್ಟುಬಿದ್ದು, ಭೂಮಿಯೊಡನೆ ಕೈಬದಲಾಗುತ್ತಿದ್ದ ಆಳುಗಳಾಗಿದ್ದರು. 1843ರ ಕಾನೂನು ದಾಸತ್ವವನ್ನು ಮನ್ನಿಸುವದಿಲ್ಲವೆಂದು ಹೇಳಿದರೂ, ಕಾಗದದ ಮಾತು ಕಾಡಿನೊಳಗೆ ತಲುಪುವದು ನಿಧಾನ. ಅವರಲ್ಲಿ ಕೆಲವರು ಸುವಾರ್ತೆಯನ್ನು ಕೇಳಿ ಸಭೆಗೆ ಸೇರಬಯಸಲು, ಎಲ್ಲಿ ಇರಬೇಕು, ಏನು ತಿನ್ನಬೇಕು ಎಂಬ ಪ್ರಶ್ನೆ ಎದ್ದಿತು. ಒಡೆಯನ ಜಾಗದಲ್ಲಿ ಗುಡಿಸಲು, ಒಡೆಯನ ಕೈಯಲ್ಲಿ ಕೂಳು. ಸ್ನಾನ ಹೊಂದಿದ ಮರುದಿನ ಎರಡೂ ಹೋದೀತು. ನಮ್ಮ ಹಿರಿಯರು ಸಹ ಈ ಭಯವನ್ನು ಬಲ್ಲವರಾಗಿದ್ದರು.

ಮತ ಬಿಟ್ಟವನ ಪಿತ್ರಾರ್ಜಿತ ಹಕ್ಕು ನಷ್ಟವಾಗಬಾರದೆಂಬ ಕಾನೂನು 1850ರಲ್ಲಿ ಹುಟ್ಟಿತ್ತು. ಕೌಂಡಿನ್ಯರು ತಮ್ಮ ಪಿತ್ರಾರ್ಜಿತದ ಹಣವನ್ನು ಕೊಟ್ಟರು. ಅದರಿಂದ ಸಿದ್ದಾಪುರದ ಬಳಿಯಲ್ಲಿ ಭೂಮಿ ತೆಗೆದುಕೊಂಡು, ಹೊಲೆಯರಾಗಿದ್ದ ಹೊಸ ಕ್ರೈಸ್ತರ ಒಕ್ಕಲನ್ನು ಅಲ್ಲಿ ನೆಲೆಗೊಳಿಸಿ, ಕಾಫಿಯ ತೋಟ ಹಾಕಿದರು. ಊರಿಗೆ ಆನಂದರಾಯರ ಹೆಸರಿನಿಂದ ಆನಂದಪುರವೆಂಬ ಹೆಸರಾಯಿತು. ಬ್ರಾಹ್ಮಣರ ಮನೆಯಲ್ಲಿ ತಲೆಮಾರುಗಳಿಂದ ಕೂಡಿಬಂದ ಹಣವು, ಆ ಮನೆಯವರು ನೆರಳು ಬಿದ್ದರೆ ಮೈಲಿಗೆಯೆಂದು ಎಣಿಸುತ್ತಿದ್ದ ಜನರ ಮನೆಗಳಿಗೆ ಅಡಿಪಾಯವಾಯಿತು. ಇದು ಭಿಕ್ಷೆಯಾಗಿದ್ದರೆ ಹಣ ಕೊಟ್ಟು ಮಂಗಳೂರಿನಲ್ಲಿಯೇ ಕೂತಿರಬಹುದಾಗಿತ್ತು. ಆದರೆ ಕೌಂಡಿನ್ಯರು ಕಡೆಗಾಲದಲ್ಲಿ ಕೊಡಗಿಗೇ ಹೋಗಿ ಆ ಜನರ ನಡುವೆ ವಾಸಿಸಿದರು. ಒಂದೇ ರೊಟ್ಟಿ, ಒಂದೇ ಪಾತ್ರೆಯಲ್ಲಿ ಪಾಲು. ಸಭೆಯ ಪಂಕ್ತಿಯಲ್ಲಿ ಕೂತುಕೊಳ್ಳುವಾಗ ಇಂದಿಗೂ ಹಳೆಯ ಕುಲವನ್ನು ನೆನಸುವವರು ನಮ್ಮಲ್ಲಿ ಇದ್ದಾರೆಂದು ನಾಚಿಕೆಯಿಂದ ಹೇಳಬೇಕಾಗಿದೆ.

ಕೆಲಸವು ಸುಗಮವಾಗಿ ಸಾಗಿತೆಂದು ಯಾರೂ ತಿಳಿಯಬಾರದು. ಮೋಗ್ಲಿಂಗರ ಆಪ್ತ ಮಿತ್ರರಾದ ವೈಗ್ಲೆ ಪಾದ್ರಿಗಳು 1855ರಲ್ಲಿ ಮೃತರಾದರು. ಮೋಗ್ಲಿಂಗರು ಅವರ ವಿಧವೆಯಾದ ಪೌಲಿನಾ ಅಮ್ಮನವರನ್ನು ಮದುವೆಯಾಗಿ ಮಿತ್ರನ ಮಕ್ಕಳಿಗೆ ತಂದೆಯಾದರು. ಆ ಅಮ್ಮನವರ ಆರೋಗ್ಯವು ಕೆಟ್ಟು, 1860ರಲ್ಲಿ ಅವರು ಈ ದೇಶವನ್ನು ಬಿಡಬೇಕಾಯಿತು. ಆ ದಶಕದಲ್ಲಿಯೇ ಕೊಡಗಿನ ಕಾಫಿಗೆ ಕಾಂಡ ಕೊರೆಯುವ ಹುಳ ಬಿದ್ದು ಎಷ್ಟೋ ತೋಟಗಳು ಹಾಳಾದವು. ಇಷ್ಟಾದರೂ ಆನಂದಪುರದ ಸಭೆ ಚದರಿ ಹೋಗಲಿಲ್ಲ. ಮಂಗಳೂರಿನಲ್ಲಿಯೂ ಮಿಷನಿನವರು ಮಗ್ಗಗಳನ್ನು ಹಾಕಿಸಿದ್ದೂ, 1865ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದದ್ದೂ ಇದೇ ಕಾರಣಕ್ಕಾಗಿಯೇ: ಕುಲದೊಡನೆ ಕಸಬನ್ನು ಕಳಕೊಂಡವರಿಗೆ ಪ್ರಾರ್ಥನೆಯ ಸಂಗಡ ಕೂಲಿಯೂ ಬೇಕು.

ಮೋಗ್ಲಿಂಗ್ ಪಾದ್ರಿಗಳು 1881ರಲ್ಲಿ ಜರ್ಮನಿಯ ಎಸ್ಲಿಂಗೆನ್ ಪಟ್ಟಣದಲ್ಲಿ ಕರ್ತನಲ್ಲಿ ನಿದ್ರೆ ಹೋದರು. ಅವರ ಹೆಸರನ್ನು ಹೊತ್ತ ಕೌಂಡಿನ್ಯರು ಅವರ ತರುವಾಯ ಹನ್ನೆರಡು ವರುಷ ಬದುಕಿ, 1893ರಲ್ಲಿ ತೀರಿಕೊಂಡರು. ಕೂಲಿ ಕೆಲಸಕ್ಕಾಗಿಯೋ ನೆಂಟರ ಮನೆಗೋ ಕೊಡಗಿನ ಕಡೆ ಹೋಗುವ ಸಭಿಕರು ಸಿದ್ದಾಪುರದ ಹತ್ತಿರ ಆನಂದಪುರವನ್ನು ವಿಚಾರಿಸಿದರೆ ಅಲ್ಲಿಯವರು ದಾರಿ ತೋರಿಸುವರು.