ಗೃಹರಕ್ಷಣೆಯ ಹೋರಾಟಗಾರ್ತಿ ಫ್ರಾನ್ಸಿಸ್ ವಿಲ್ಲರ್ಡ್

ಮನೆಯು ಮನುಷ್ಯನಿಗೆ ದೊರೆಯುವ ಮೊದಲ ಆಶ್ರಯ. ಹೊರಗಿನ ಲೋಕದಲ್ಲಿ ಎಷ್ಟೇ ಕಷ್ಟವಿರಲಿ, ಮನೆಯ ಬಾಗಿಲು ತೆರೆದೊಡನೆ ಮನಸ್ಸಿಗೆ ನೆಮ್ಮದಿ ದೊರೆಯಬೇಕು. ಆದರೆ ಕತ್ತಲಾಗುತ್ತಲೇ ಬಾಗಿಲ ಸಪ್ಪಳಕ್ಕೆ ಬೆಚ್ಚುವ ಮನೆಗಳೂ ಉಂಟು. ಕುಡಿದು ಬರುವ ಯಜಮಾನನ ಕೈ ಇಂದು ಯಾರ ಮೇಲೆ ಏಳುವುದೋ ಎಂದು ಹೆಂಡತಿ ಮಕ್ಕಳು ಉಸಿರು ಬಿಗಿಹಿಡಿದು ಕುಳಿತಿರುವ ಮನೆಗಳು ಹಿಂದೆಯೂ ಇದ್ದವು, ಇಂದಿಗೂ ಇವೆ. ಮನೆಯ ಮಾತು ಹೊಸ್ತಿಲು ದಾಟಬಾರದೆಂಬ ಭಾವನೆಯಿಂದಾಗಿ ಈ ದುಃಖವು ಬಹುಕಾಲ ಹೊರಗೆ ಕೇಳಿಸಲಿಲ್ಲ. ಅದನ್ನು ಹೊಸ್ತಿಲಿನಾಚೆಗೆ ತಂದು ಶಾಸನಸಭೆಯ ಬಾಗಿಲಿನವರೆಗೂ ಒಯ್ದವರಲ್ಲಿ ಅಮೆರಿಕದ ಫ್ರಾನ್ಸಿಸ್ ವಿಲ್ಲರ್ಡ್ ಪ್ರಮುಖರು.

ವಿಲ್ಲರ್ಡ್ ಜನಿಸಿದ್ದು 1839ರ ಸೆಪ್ಟೆಂಬರ್ 28ರಂದು, ನ್ಯೂಯಾರ್ಕ್ ರಾಜ್ಯದ ಚರ್ಚ್‌ವಿಲ್ ಎಂಬ ಊರಿನಲ್ಲಿ. 1846ರಲ್ಲಿ ಆಕೆಯ ತಂದೆ ವಿಸ್ಕಾನ್ಸಿನ್ ಪ್ರಾಂತದ ಜೇನ್ಸ್‌ವಿಲ್ ಸಮೀಪದಲ್ಲಿ ಜಮೀನು ಮಾಡಿಕೊಂಡು ಅಲ್ಲಿಯೇ ನೆಲೆಸಿದರು. ಅಣ್ಣ ಆಲಿವರ್ ಮತ್ತು ತಂಗಿ ಮೇರಿಯೊಡನೆ ಹೊಲ, ಕಾಡು, ನದೀತೀರಗಳಲ್ಲಿ ಅಲೆಯುತ್ತ ಫ್ರಾನ್ಸಿಸ್ ಬೆಳೆದಳು. ತಂದೆ ಕಟ್ಟುನಿಟ್ಟಿನ ಮನುಷ್ಯ. ತಾಯಿಯಾದರೋ ಮಗಳ ಸ್ವತಂತ್ರ ಬುದ್ಧಿಗೆ ನೀರೆರೆದು ಪೋಷಿಸಿದಾಕೆ.

1856ರಲ್ಲಿ ನಡೆದ ಒಂದು ಘಟನೆ ಆಕೆಯ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ಆ ವರ್ಷ ಆಲಿವರನಿಗೆ ಇಪ್ಪತ್ತೊಂದು ತುಂಬಿ ಮತದಾನದ ಹಕ್ಕು ಬಂದಿತ್ತು. ಚುನಾವಣೆಯ ದಿನ ತಂದೆಯೂ ಮಗನೂ ಒಳ್ಳೆಯ ಉಡುಪು ಧರಿಸಿ, ಹೊಲದ ಆಳುಗಳೊಡನೆ ಬಂಡಿಯೇರಿ ಮತ ಹಾಕಲು ಹೊರಟರು. ಕಿಟಕಿಯ ಬಳಿ ನಿಂತು ಅದನ್ನು ನೋಡುತ್ತಿದ್ದ ಹದಿನೇಳರ ಫ್ರಾನ್ಸಿಸಳ ಕಣ್ಣುಗಳು ತುಂಬಿಬಂದವು. ದೇಶದ ಮೇಲಿನ ಪ್ರೀತಿ ಅಣ್ಣನಿಗಿರುವಷ್ಟೇ ತನಗೂ ಇರುವಾಗ ತಾನೇಕೆ ಆ ಬಂಡಿಯಲ್ಲಿಲ್ಲ ಎಂಬ ಪ್ರಶ್ನೆ ಅಂದು ಮೂಡಿತು. ಅದು ಆಕೆಯನ್ನು ಕಡೆಯವರೆಗೂ ಬಿಡಲಿಲ್ಲ.

ವಿದ್ಯಾಭ್ಯಾಸ ಮುಗಿಸಿದ ಮೇಲೆ ವಿಲ್ಲರ್ಡ್ ಶಿಕ್ಷಕಿಯಾದರು. 1871ರಲ್ಲಿ ಎವನ್‌ಸ್ಟನ್ ನಗರದ ಮಹಿಳಾ ಕಾಲೇಜಿನ ಅಧ್ಯಕ್ಷೆಯಾದರು. ಆ ಕಾಲೇಜು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ ಸೇರಿಹೋದಾಗ, 1873ರಲ್ಲಿ, ವಿದ್ಯಾರ್ಥಿನಿಯರ ಮೇಲ್ವಿಚಾರಣೆಯ ಉನ್ನತ ಹುದ್ದೆ ಆಕೆಗೆ ದೊರೆಯಿತು.

ಆ ಕಾಲದ ಅಮೆರಿಕದಲ್ಲಿ ಕುಡಿತವು ಮನೆಮನೆಯ ವ್ಯಾಧಿಯಾಗಿತ್ತು. ಊರೂರಿನ ಮದ್ಯದಂಗಡಿಗಳಲ್ಲಿ ವಾರದ ಕೂಲಿ ಒಂದೇ ರಾತ್ರಿಯಲ್ಲಿ ಕರಗಿಹೋಗುತ್ತಿತ್ತು. ಬರಿಗೈಯಲ್ಲಿ ಮನೆಗೆ ಮರಳಿದವನ ಸಿಟ್ಟಿಗೆ ಮೊದಲು ಸಿಕ್ಕುತ್ತಿದ್ದವಳು ಹೆಂಡತಿ. ಆಕೆ ಯಾರಲ್ಲಿ ಮೊರೆಯಿಡಬೇಕು? ಹಳೆಯ ಆಂಗ್ಲ ನ್ಯಾಯಪದ್ಧತಿಯ ಪ್ರಕಾರ ವಿವಾಹಿತ ಸ್ತ್ರೀಗೆ ಪ್ರತ್ಯೇಕ ಅಸ್ತಿತ್ವವೇ ಇರಲಿಲ್ಲ. ಆಕೆಯ ಆಸ್ತಿಯೂ ದುಡಿಮೆಯೂ ಗಂಡನ ವಶ. ಮಕ್ಕಳ ಮೇಲಿನ ಅಧಿಕಾರವೂ ಅವನದೇ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಒಂದೊಂದಾಗಿ ರಾಜ್ಯಗಳು ಈ ಕಟ್ಟುಗಳನ್ನು ಸಡಿಲಿಸತೊಡಗಿದ್ದರೂ ಬದಲಾವಣೆ ನಿಧಾನವಾಗಿತ್ತು. ಹೆಂಡತಿಯನ್ನು ಹೊಡೆಯುವ ಹಕ್ಕು ಗಂಡನಿಗಿಲ್ಲವೆಂದು ಅಲಬಾಮ ರಾಜ್ಯದ ನ್ಯಾಯಾಲಯ ಸ್ಪಷ್ಟವಾಗಿ ತೀರ್ಪಿತ್ತದ್ದು 1871ರಲ್ಲಿ. ಹೆಂಡತಿಯನ್ನು ಹೊಡೆಯುವವನಿಗೆ ಶಿಕ್ಷೆ ವಿಧಿಸುವ ಪ್ರತ್ಯೇಕ ಕಾನೂನು ಮೇರಿಲ್ಯಾಂಡ್ ರಾಜ್ಯದಲ್ಲಿ ಬಂದದ್ದು 1882ರಲ್ಲಿ. ಹೀಗಾಗಿ ಕುಡುಕನ ಹೆಂಡತಿಗೆ ಓಡಿಹೋಗಲು ಹಣವಿಲ್ಲ, ದೂರು ಕೊಡಲು ಧೈರ್ಯವಿಲ್ಲ, ಕಾನೂನನ್ನು ತಿದ್ದಿಸಲು ಮತವಿಲ್ಲ ಎಂಬ ಸ್ಥಿತಿಯಿತ್ತು.

ಈ ಮೌನ 1873ರ ಡಿಸೆಂಬರಿನಲ್ಲಿ ಒಡೆಯಿತು. ಒಹಾಯೊ ರಾಜ್ಯದ ಹಿಲ್ಸ್‌ಬರೊ ಎಂಬ ಸಣ್ಣ ಊರಿನ ಗೃಹಿಣಿಯರು ಎಲಿಜಾ ಥಾಂಪ್ಸನ್ ಎಂಬಾಕೆಯ ಮುಂದಾಳತ್ವದಲ್ಲಿ ಬೀದಿಗಿಳಿದರು. ಚಳಿಯನ್ನೂ ಲೆಕ್ಕಿಸದೆ ಮದ್ಯದಂಗಡಿಗಳ ಮುಂದೆ ಮೊಣಕಾಲೂರಿ ಪ್ರಾರ್ಥಿಸಿದರು; ಅಂಗಡಿ ಮುಚ್ಚುವಂತೆ ಮಾಲೀಕರನ್ನು ಬೇಡಿಕೊಂಡರು. ಕೆಲವೇ ತಿಂಗಳುಗಳಲ್ಲಿ ಈ ಚಳವಳಿ ನೂರಾರು ಊರುಗಳಿಗೆ ಹಬ್ಬಿತು. ಸಾವಿರಾರು ಅಂಗಡಿಗಳು ಮುಚ್ಚಿದವು. ಆದರೆ ಉತ್ಸಾಹ ತಗ್ಗಿದೊಡನೆ ಅವುಗಳಲ್ಲಿ ಬಹಳಷ್ಟು ಮತ್ತೆ ಬಾಗಿಲು ತೆರೆದವು.

ಈ ಚಳವಳಿ ವಿಲ್ಲರ್ಡರ ಅಂತಃಕರಣವನ್ನು ಕಲಕಿತು. 1874ರಲ್ಲಿ ವಿಶ್ವವಿದ್ಯಾನಿಲಯದ ಆಡಳಿತದೊಡನೆ ಭಿನ್ನಾಭಿಪ್ರಾಯ ಬಂದು ಆಕೆ ಹುದ್ದೆಗೆ ರಾಜೀನಾಮೆ ನೀಡಿದ್ದರು. ನ್ಯೂಯಾರ್ಕಿನ ಶಾಲೆಯೊಂದರಿಂದ ಒಳ್ಳೆಯ ಸಂಬಳದ ಕರೆ ಬಂದಿತ್ತು. ಅದನ್ನು ಬಿಟ್ಟು, ಶಿಕಾಗೊ ನಗರದ ಮಹಿಳೆಯರ ಪಾನನಿರೋಧ ಸಂಘದ ಸಂಬಳವಿಲ್ಲದ ಕೆಲಸವನ್ನು ಒಪ್ಪಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಮಹಿಳಾ ಕ್ರೈಸ್ತ ಪಾನನಿರೋಧ ಸಂಘವು ರಾಷ್ಟ್ರಮಟ್ಟದಲ್ಲಿ ಸ್ಥಾಪಿತವಾದಾಗ ಅದರ ಕಾರ್ಯದರ್ಶಿಗಳಲ್ಲೊಬ್ಬರಾದರು.

ಪ್ರಾರ್ಥನೆಯಿಂದ ಮುಚ್ಚಿದ ಅಂಗಡಿಯು ಪರವಾನಗಿಯ ಬಲದಿಂದ ಮತ್ತೆ ತೆರೆಯುವುದನ್ನು ಕಂಡ ವಿಲ್ಲರ್ಡರಿಗೆ ಒಂದು ಸತ್ಯ ಹೊಳೆಯಿತು. ಪರವಾನಗಿ ನೀಡುವವರನ್ನು ಆರಿಸುವವರು ಗಂಡಸರು. ಅದರ ಫಲ ಉಣ್ಣುವವರು ಹೆಂಗಸರು ಮತ್ತು ಮಕ್ಕಳು. ಪೆಟ್ಟು ತಿನ್ನುವವಳ ಕೈಯಲ್ಲಿ ಮತವಿಲ್ಲದಿದ್ದರೆ ಆಕೆಯ ಕಣ್ಣೀರು ಕಾನೂನಾಗಲಾರದು. 1876ರಲ್ಲಿ ಆಕೆ ಸಂಘದ ಸಮ್ಮೇಳನದಲ್ಲಿ ಈ ವಿಚಾರವನ್ನು ಮಂಡಿಸಿ, ಸ್ತ್ರೀಯರ ಮತದಾನವನ್ನು ಗೃಹರಕ್ಷಣೆಯ ಆಯುಧವೆಂದು ಸಾರಿದರು. ಸಂಘದ ಅಂದಿನ ಅಧ್ಯಕ್ಷೆ ಆನಿ ವಿಟನ್‌ಮೈಯರ್ ಇದಕ್ಕೆ ಒಪ್ಪಲಿಲ್ಲ. ರಾಜಕೀಯವು ಗೃಹಿಣಿಯರಿಗೆ ತಕ್ಕುದಲ್ಲವೆಂಬುದು ಅನೇಕ ಸದಸ್ಯೆಯರ ಅಭಿಪ್ರಾಯವೂ ಆಗಿತ್ತು. ವಿಲ್ಲರ್ಡ್ ತಾಳ್ಮೆಗೆಡದೆ ಊರೂರು ಸುತ್ತಿ ಅವರ ಮನವೊಲಿಸಿದರು.

ಅಷ್ಟರಲ್ಲಿ ಸ್ವಂತ ಮನೆಗೇ ಸಿಡಿಲೆರಗಿತು. ಅಂದು ಬಂಡಿಯೇರಿ ಮತ ಹಾಕಲು ಹೋಗಿದ್ದ ಅಣ್ಣ ಆಲಿವರ್ ಮುಂದೆ ಧರ್ಮಬೋಧಕನಾಗಿ, ಬಳಿಕ ಶಿಕಾಗೊ ಪತ್ರಿಕೆಯೊಂದರ ಸಂಪಾದಕನಾಗಿ ಹೆಸರು ಮಾಡಿದ್ದನು. ಬುದ್ಧಿವಂತನೂ ಮಾತುಗಾರನೂ ಆಗಿದ್ದ ಅವನು ಕುಡಿತಕ್ಕೆ ದಾಸನಾದನು. 1878ರಲ್ಲಿ, ನಲವತ್ತಮೂರರ ಒಳಗೇ, ಹೆಂಡತಿಯನ್ನೂ ಮಕ್ಕಳನ್ನೂ ಬಿಟ್ಟು ತೀರಿಕೊಂಡನು. ವಿದ್ಯೆಯಾಗಲಿ ಭಕ್ತಿಯಾಗಲಿ ಈ ಚಟಕ್ಕೆ ಅಡ್ಡಗೋಡೆಯಾಗಲಾರದೆಂಬ ಕಹಿಸತ್ಯವನ್ನು ವಿಲ್ಲರ್ಡ್ ತಮ್ಮ ಮನೆಯಲ್ಲಿಯೇ ಕಂಡರು. ಅತ್ತಿಗೆಯೂ ಆಕೆಯೂ ಸೇರಿ ಕೆಲಕಾಲ ಆ ಪತ್ರಿಕೆಯನ್ನು ನಡೆಸಿದರು. ಕುಡುಕನನ್ನು ದ್ವೇಷಿಸದೆ ಕುಡಿತವನ್ನು ವಿರೋಧಿಸುವ ಗುಣ ಆಕೆಯಲ್ಲಿ ನೆಲೆಗೊಳ್ಳಲು ಈ ದುಃಖವೂ ಕಾರಣವಾಗಿರಬೇಕು.

1879ರಲ್ಲಿ, ಮದ್ಯದಂಗಡಿಗಳ ವಿಷಯದಲ್ಲಿ ಸ್ತ್ರೀಯರಿಗೂ ಮತವಿರಬೇಕೆಂದು ಕೋರುವ ಅರ್ಜಿಯೊಂದಕ್ಕೆ ಆಕೆ ಒಂದು ಲಕ್ಷಕ್ಕೂ ಹೆಚ್ಚು ಜನರ ಸಹಿ ಸಂಗ್ರಹಿಸಿ ಇಲಿನಾಯ್ ರಾಜ್ಯದ ಶಾಸನಸಭೆಗೆ ಒಪ್ಪಿಸಿದರು. ಸಭೆ ಅದನ್ನು ಕಾನೂನಾಗಿಸಲಿಲ್ಲ. ಆದರೆ ಅದೇ ವರ್ಷ ಸಂಘವು ಆಕೆಯನ್ನು ಅಧ್ಯಕ್ಷೆಯನ್ನಾಗಿ ಆರಿಸಿತು. ಕೊನೆಯುಸಿರಿನವರೆಗೂ ಆಕೆ ಆ ಸ್ಥಾನದಲ್ಲಿದ್ದರು. ರೈಲಿನಲ್ಲಿ ಸಾವಿರಾರು ಮೈಲಿ ಸಂಚರಿಸಿ ದೇಶದ ಮೂಲೆಮೂಲೆಗಳಲ್ಲಿ ಭಾಷಣ ಮಾಡಿದರು. 1890ರ ದಶಕದಲ್ಲಿ ಸಂಘದ ಸದಸ್ಯೆಯರ ಸಂಖ್ಯೆ ಸುಮಾರು 1,50,000ಕ್ಕೆ ಏರಿತು. ಶಿಶುವಿಹಾರಗಳು, ಪೊಲೀಸ್ ಠಾಣೆಗಳಲ್ಲಿ ಬಂಧಿತ ಸ್ತ್ರೀಯರನ್ನು ನೋಡಿಕೊಳ್ಳುವ ಮಹಿಳಾ ಸಿಬ್ಬಂದಿ, ಎಳೆಯ ಹುಡುಗಿಯರ ರಕ್ಷಣೆಯ ಕಾನೂನು, ದುಡಿಯುವವರಿಗೆ ಎಂಟು ಗಂಟೆಗಳ ಕೆಲಸ, ಇವೆಲ್ಲವೂ ಸಂಘದ ಕಾರ್ಯಕ್ರಮಗಳಾದವು. ಕುಡಿತದಿಂದ ಬಡತನ ಬರುತ್ತದೆಂದು ಮೊದಲು ಹೇಳುತ್ತಿದ್ದ ವಿಲ್ಲರ್ಡ್, ಬಡತನವೂ ಕುಡಿತಕ್ಕೆ ದಾರಿಯಾಗುತ್ತದೆಂದು ಮುಂದೆ ಮನಗಂಡರು. ತಮ್ಮ ಹಳೆಯ ಮಾತನ್ನು ತಿದ್ದಿಕೊಳ್ಳಲು ಆಕೆ ನಾಚಲಿಲ್ಲ.

ಆಕೆಯ ಸ್ನೇಹವಲಯದಲ್ಲಿ ನಮ್ಮ ನಾಡಿನ ನಂಟಿರುವವರೂ ಇದ್ದರು. ಕಾರ್ಕಳದ ಸಮೀಪದ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು, 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಜನಿಸಿದ ಪಂಡಿತಾ ರಮಾಬಾಯಿ, 1886ರಿಂದ 1888ರವರೆಗೆ ಅಮೆರಿಕದಲ್ಲಿ ಸಂಚರಿಸಿದರು. ಭಾರತದ ವಿಧವೆಯರಿಗಾಗಿ ಶಾಲೆ ತೆರೆಯುವ ಅವರ ಪ್ರಯತ್ನಕ್ಕೆ ವಿಲ್ಲರ್ಡರೂ ಅವರ ಸಂಘವೂ ಬೆಂಬಲವಾಗಿ ನಿಂತವು.

ವಿಲ್ಲರ್ಡರ ಜೀವನದಲ್ಲಿ ಕಲೆಯಿಲ್ಲದೆ ಇಲ್ಲ. 1890ರ ಸಂದರ್ಶನವೊಂದರಲ್ಲಿ ಆಕೆ, ದಕ್ಷಿಣದ ರಾಜ್ಯಗಳ ಕಪ್ಪು ಜನರ ಕುಡಿತವು ಬಿಳಿಯರ ಮನೆಗಳಿಗೆ ಅಪಾಯವೆಂಬಂತೆ ಮಾತನಾಡಿದರು. ವಿಚಾರಣೆಯಿಲ್ಲದೆ ಗುಂಪುಗೂಡಿ ಕಪ್ಪು ಜನರನ್ನು ಕೊಲ್ಲುತ್ತಿದ್ದ ಕಾಲವದು. ಆ ಕ್ರೌರ್ಯದ ವಿರುದ್ಧ ಹೋರಾಡುತ್ತಿದ್ದ ಪತ್ರಕರ್ತೆ ಐಡಾ ಬಿ. ವೆಲ್ಸ್ ಈ ಮಾತನ್ನು ನಿರ್ಭಯವಾಗಿ ಖಂಡಿಸಿದರು. ಖಂಡನೆ ನ್ಯಾಯವಾದುದಾಗಿತ್ತು. ಸ್ತ್ರೀಯರ ನೋವನ್ನು ಅರಿತ ಹೃದಯವೂ ಮತ್ತೊಂದು ಜನಾಂಗದ ನೋವಿಗೆ ಕುರುಡಾಗಬಹುದೆಂಬುದು ಇದರಿಂದ ತಿಳಿಯುತ್ತದೆ.

1898ರ ಫೆಬ್ರವರಿ 17ರಂದು ವಿಲ್ಲರ್ಡ್ ನ್ಯೂಯಾರ್ಕ್ ನಗರದಲ್ಲಿ ನಿಧನರಾದರು. 1905ರಲ್ಲಿ ರಾಷ್ಟ್ರದ ಸಂಸತ್ ಭವನದ ಪ್ರತಿಮಾಮಂದಿರದಲ್ಲಿ ಆಕೆಯ ಶಿಲಾಪ್ರತಿಮೆಯನ್ನು ಸ್ಥಾಪಿಸಲಾಯಿತು. ಅಲ್ಲಿ ಆ ಗೌರವ ಪಡೆದ ಮೊದಲ ಮಹಿಳೆ ಆಕೆಯೇ.

ಆಕೆ ಬಯಸಿದ ಎರಡು ಬದಲಾವಣೆಗಳೂ 1920ರಲ್ಲಿ ಜಾರಿಗೆ ಬಂದವು. ಒಂದು ಪಾನನಿಷೇಧ, ಮತ್ತೊಂದು ಸ್ತ್ರೀಯರ ಮತದಾನದ ಹಕ್ಕು. ಕಳ್ಳಭಟ್ಟಿ, ಕಳ್ಳಸಾಗಣೆಗಳು ಹೆಚ್ಚಿ ಪಾನನಿಷೇಧವು 1933ರಲ್ಲಿ ರದ್ದಾಯಿತು. ಮತದಾನದ ಹಕ್ಕು ಉಳಿಯಿತು. ಈ ಇತಿಹಾಸದಲ್ಲಿ ಒಂದು ಪಾಠವಿದೆ. ಕುಡಿತವು ಕೈಯ ಹತೋಟಿ ತಪ್ಪಿಸಿ ಹಿಂಸೆಯನ್ನು ಹೆಚ್ಚಿಸುತ್ತದೆಂಬುದು ನಿಜ. ಆದರೆ ಕುಡಿದವರೆಲ್ಲರೂ ಹೊಡೆಯುವುದಿಲ್ಲ, ಕುಡಿಯದವರೂ ಹೊಡೆಯುವುದುಂಟು. ಹೆಂಡತಿಯು ತನ್ನ ಸೊತ್ತು, ಆಕೆಗೆ ಕೇಳುವವರಿಲ್ಲ ಎಂಬ ಭಾವನೆಯೇ ಹಿಂಸೆಯ ಬೇರು. ಮದ್ಯವು ಆ ಬೇರಿಗೆ ಎರೆಯುವ ನೀರು. ಅಂಗಡಿಯ ಬಾಗಿಲು ಮುಚ್ಚಿದರಷ್ಟೇ ಸಾಲದು, ಪೆಟ್ಟು ತಿಂದವಳಿಗೆ ನ್ಯಾಯದ ಬಾಗಿಲು ತೆರೆಯಬೇಕು.

ನಮ್ಮ ದೇಶದಲ್ಲಿ 2005ರಲ್ಲಿ ರಚಿತವಾದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯಿದೆಯು ಅಂತಹ ಒಂದು ಬಾಗಿಲು. ಹೊಡೆತವಷ್ಟೇ ಅಲ್ಲ, ನಿಂದನೆ, ಬೆದರಿಕೆ, ಮನೆಖರ್ಚಿಗೆ ಹಣ ಕೊಡದೆ ಪೀಡಿಸುವುದು ಕೂಡ ಅದರ ಪ್ರಕಾರ ಹಿಂಸೆಯೇ. ನೊಂದವಳು ತಾನೇ ದೂರು ನೀಡಲಾರದಿದ್ದರೆ, ಸಂಗತಿಯನ್ನು ತಿಳಿದ ಯಾರು ಬೇಕಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಮನೆಯ ಮಾತು ಹೊಸ್ತಿಲು ದಾಟದಿದ್ದರೆ ಮನೆಯೇ ಉಳಿಯದೆಂದು ನೂರು ವರ್ಷಗಳಿಗೂ ಹಿಂದೆ ಕಂಡುಕೊಂಡ ಫ್ರಾನ್ಸಿಸ್ ವಿಲ್ಲರ್ಡರ ಬಾಳಿನ ಸಾರ್ಥಕತೆ ಇಲ್ಲಿದೆ.