ಫ್ರಾನ್ಸಿಸ್ ಡೇವಿಸ್

ಫ್ರಾನ್ಸಿಸ್ ರೈಟ್ ಡೇವಿಸ್ (೧೮೮೭–೧೯೭೮) ಅಮೆರಿಕದ ಇಂಜಿನಿಯರ್. ವಾಹನದ ಸ್ಟೀರಿಂಗ್ ಚಕ್ರವನ್ನು ಕಡಿಮೆ ಶ್ರಮದಿಂದ ತಿರುಗಿಸಲು ನೆರವಾಗುವ ದ್ರವಚಾಲಿತ ಪವರ್ ಸ್ಟೀರಿಂಗ್ ವ್ಯವಸ್ಥೆಯನ್ನು ಬಳಕೆಗೆ ಯೋಗ್ಯವಾಗುವಂತೆ ರೂಪಿಸಿದವರು. ೧೯೨೬ರ ಹೊತ್ತಿಗೇ ಸಿದ್ಧವಾಗಿದ್ದ ಈ ಸಾಧನ ಮಾರಾಟದ ಕಾರುಗಳಿಗೆ ಬಂದದ್ದು ೧೯೫೧ರಲ್ಲಿ.

ಜೀವನ ಮತ್ತು ವೃತ್ತಿ

ಡೇವಿಸ್ ಫಿಲಡೆಲ್ಫಿಯಾದ ಜರ್ಮನ್‌ಟೌನ್‌ನಲ್ಲಿ ಜನಿಸಿದರು. ೧೯೧೦ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಬಫಲೋ ನಗರದ ಪಿಯರ್ಸ್-ಆ್ಯರೋ ಕಂಪನಿಯನ್ನು ಸೇರಿ, ಅದರ ಲಾರಿ ವಿಭಾಗದ ಮುಖ್ಯ ಇಂಜಿನಿಯರ್ ಆದರು. ಆ ಕಾಲದ ಭಾರಿ ಲಾರಿಗಳನ್ನು ತಿರುಗಿಸಲು ತೋಳ್ಬಲವೇ ಬೇಕಿತ್ತು. ಮುಂದಿನ ಗಾಲಿ ಗುಂಡಿಗೆ ಬಿದ್ದರೆ ಅದರ ಹೊಡೆತ ಚಾಲಕನ ಕೈಗೆ ತಗಲುತ್ತಿತ್ತು. ೧೯೨೨ರಲ್ಲಿ ಡೇವಿಸ್ ಕೆಲಸ ಬಿಟ್ಟು, ಮ್ಯಾಸಚೂಸೆಟ್ಸ್‌ನ ವಾಲ್ತಮ್‌ನಲ್ಲಿ ಬಾಡಿಗೆಗೆ ಒಂದು ಕಾರ್ಯಾಗಾರ ಹಿಡಿದು, ಉಪಕರಣ ತಯಾರಕ ಜಾರ್ಜ್ ಜೆಸಪ್ ಅವರೊಡನೆ ಪ್ರಯೋಗಗಳಿಗೆ ತೊಡಗಿದರು.

ಆವಿಷ್ಕಾರ

ಸ್ಟೀರಿಂಗ್‌ಗೆ ಯಂತ್ರಬಲ ಒದಗಿಸುವ ಯೋಚನೆ ಹೊಸದಲ್ಲ. ೧೯೦೩ರ ಕೊಲಂಬಿಯಾ ಲಾರಿಯೊಂದರಲ್ಲಿ ವಿದ್ಯುತ್ ಮೋಟಾರಿನ ನೆರವಿತ್ತು. ಡೇವಿಸ್ ಅವರ ಹೆಚ್ಚುಗಾರಿಕೆ ಬೇರೆಡೆ ಇದೆ. ತೈಲವನ್ನು ಸದಾ ಹೆಚ್ಚಿನ ಒತ್ತಡದಲ್ಲಿ ಹಿಡಿದಿಟ್ಟು, ಬೇಕಾದಾಗ ಕವಾಟ ತೆರೆದು ಬಿಡುವುದು ಅಂದಿನ ದ್ರವಚಾಲಿತ ಯಂತ್ರಗಳ ವಾಡಿಕೆ. ಅಂತಹ ಯಂತ್ರದಲ್ಲಿ ಸೋರಿಕೆ ತಪ್ಪುತ್ತಿರಲಿಲ್ಲ. ಡೇವಿಸ್ ಇದನ್ನು ತಿರುವುಮುರುವು ಮಾಡಿದರು. ಅವರ ಕವಾಟ ಸಾಮಾನ್ಯವಾಗಿ ತೆರೆದೇ ಇರುತ್ತದೆ. ಪಂಪಿನಿಂದ ಹೊರಟ ತೈಲ ಒತ್ತಡವಿಲ್ಲದೆ ಸುತ್ತಿ ತೊಟ್ಟಿಗೆ ಮರಳುತ್ತದೆ. ಚಾಲಕ ಚಕ್ರ ತಿರುಗಿಸಿದಾಗ ಮಾತ್ರ ಕವಾಟ ಭಾಗಶಃ ಮುಚ್ಚಿ, ಒತ್ತಡ ಏರಿ, ಪಿಸ್ಟನ್ನಿನ ಒಂದು ಬದಿಯನ್ನು ತಳ್ಳುತ್ತದೆ. ಕೈ ಸಡಿಲಿಸಿದರೆ ತೈಲ ಮತ್ತೆ ಸರಾಗವಾಗಿ ಹರಿಯುತ್ತದೆ.

ಇದನ್ನು ಅಳವಡಿಸಿದ ಪಿಯರ್ಸ್-ಆ್ಯರೋ ಕಾರನ್ನು ೧೯೨೬ರಲ್ಲಿ ಡೆಟ್ರಾಯಿಟ್‌ಗೆ ಒಯ್ದು ತೋರಿಸಲಾಯಿತು. ಜನರಲ್ ಮೋಟಾರ್ಸ್ ಒಪ್ಪಂದ ಮಾಡಿಕೊಂಡಿತು.

ದೀರ್ಘ ನಿರೀಕ್ಷೆ

ಅಷ್ಟರಲ್ಲಿ ಆರ್ಥಿಕ ಮಹಾಕುಸಿತ ಬಂದೊದಗಿತು. ಮಾರಾಟವಾಗಬಹುದಾದ ಕೆಲವೇ ದುಬಾರಿ ಕಾರುಗಳಿಗಾಗಿ ಇಷ್ಟು ವೆಚ್ಚ ತಕ್ಕದ್ದಲ್ಲವೆಂದು ಜನರಲ್ ಮೋಟಾರ್ಸ್ ಯೋಜನೆಯನ್ನು ಕೈಬಿಟ್ಟಿತು. ಲೆಕ್ಕಾಚಾರ ತಪ್ಪೆನ್ನಲಾಗದಿದ್ದರೂ ಡೇವಿಸ್ ಪಾಲಿಗೆ ಅದು ಭಾರಿ ಪೆಟ್ಟು. ಅಮೆರಿಕದಲ್ಲಿ ಆಗ ಪೇಟೆಂಟಿನ ಅವಧಿ ಕೇವಲ ೧೭ ವರ್ಷ. ೧೯೩೬ರಲ್ಲಿ ಅವರು ಬೆಂಡಿಕ್ಸ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. ಎರಡನೆಯ ಮಹಾಯುದ್ಧದಲ್ಲಿ ಭಾರಿ ಸೇನಾ ವಾಹನಗಳು ಈ ವ್ಯವಸ್ಥೆಯನ್ನು ಬಳಸಿದವು.

೧೯೫೧ರಲ್ಲಿ ಕ್ರೈಸ್ಲರ್ ತನ್ನ ಇಂಪೀರಿಯಲ್ ಕಾರಿನಲ್ಲಿ ಹೈಡ್ರಾಗೈಡ್ ಎಂಬ ಹೆಸರಿನಿಂದ ಪವರ್ ಸ್ಟೀರಿಂಗ್ ತಂದಿತು. ಅದಕ್ಕೆ ಆಧಾರವಾದದ್ದು ಅವಧಿ ಮುಗಿದ ಡೇವಿಸ್ ಪೇಟೆಂಟ್‌ಗಳು. ಸ್ಪರ್ಧೆಗೆ ಎಚ್ಚೆತ್ತ ಜನರಲ್ ಮೋಟಾರ್ಸ್ ಮತ್ತೆ ಡೇವಿಸ್ ಅವರತ್ತ ತಿರುಗಿತು; ೧೯೫೨ರಲ್ಲಿ ಅದರ ಕ್ಯಾಡಿಲ್ಯಾಕ್ ಕಾರುಗಳಿಗೂ ಪವರ್ ಸ್ಟೀರಿಂಗ್ ಬಂತು. ಡೇವಿಸ್ ೧೯೭೮ರಲ್ಲಿ ನಿಧನರಾದರು.

ತೈಲ ಬದಲಾವಣೆ

ಡೇವಿಸ್ ವ್ಯವಸ್ಥೆಯಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ತೈಲ ಸುತ್ತುತ್ತಲೇ ಇರುವುದರಿಂದ ಅದು ಬಿಸಿಯಾಗಿ, ಸವೆದ ಲೋಹ ಮತ್ತು ರಬ್ಬರಿನ ಕಣಗಳು ಸೇರಿ ಕಪ್ಪಾಗುತ್ತದೆ. ಹಳೆಯ ತೈಲ ತೆಗೆಯಲು ವಾಹನದ ಮುಂಭಾಗವನ್ನು ಭದ್ರವಾದ ಆಧಾರದ ಮೇಲೆ ಎತ್ತಿ, ತೊಟ್ಟಿಗೆ ಮರಳುವ ಕೊಳವೆಯನ್ನು ಕಳಚಿ ಪಾತ್ರೆಗೆ ಬಿಡುತ್ತಾರೆ. ತೊಟ್ಟಿಯ ಆ ರಂಧ್ರವನ್ನು ಮುಚ್ಚುತ್ತಾರೆ. ತೊಟ್ಟಿ ಬರಿದಾಗದಂತೆ ಹೊಸ ತೈಲ ಸುರಿಯುತ್ತ, ಸ್ಟೀರಿಂಗನ್ನು ಎರಡೂ ಕಡೆಗೆ ನಿಧಾನವಾಗಿ ತಿರುಗಿಸಿದರೆ ಹಳೆಯದು ಹೊರಬರುತ್ತದೆ. ತಿಳಿಯಾದ ತೈಲ ಬಂದ ಮೇಲೆ ಕೊಳವೆ ಜೋಡಿಸಿ, ಗುರುತಿನವರೆಗೆ ತುಂಬಿ, ನೊರೆ ನಿಲ್ಲುವ ತನಕ ಸ್ಟೀರಿಂಗನ್ನು ಮತ್ತೆ ತಿರುಗಿಸಿ ಗಾಳಿಯನ್ನು ಹೊರಗೆಡಹಬೇಕು. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಅಲ್ಲಿಯೇ ಒತ್ತಿ ಹಿಡಿಯಬಾರದು. ಆಗ ಕವಾಟ ಮುಚ್ಚಿಯೇ ಉಳಿದು ಪಂಪಿನ ಮೇಲೆ ಗರಿಷ್ಠ ಒತ್ತಡ ಬೀಳುತ್ತದೆ. ಯಾವ ತೈಲ ಹಾಕಬೇಕೆಂಬುದು ವಾಹನದಿಂದ ವಾಹನಕ್ಕೆ ಬೇರೆ. ತಯಾರಕರ ಕೈಪಿಡಿಯನ್ನೇ ನೋಡಬೇಕು. ವಿದ್ಯುತ್ ಮೋಟಾರು ಮಾತ್ರ ಬಳಸುವ ಇತ್ತೀಚಿನ ಕಾರುಗಳ ಸ್ಟೀರಿಂಗ್‌ಗೆ ಈ ತೈಲದ ಅಗತ್ಯವಿಲ್ಲ.